ಇನ್ನೂರ ಹದಿನಾಲ್ಕು

ಊರು ಬಿಟ್ಟವರಿಗೆ ಊರಿನ ಮೇಲೆ ಪ್ರೀತಿ ಉಕ್ಕುವುದು ಆ ಊರು ಪೂರ್ತಿ ನೆಲಸಮವಾದ ಮೇಲೆಯೇ ಇರಬೇಕು. ಕಾಗದದ ಕಾರ್ಖಾನೆ ಓಡುತ್ತಿದ್ದಷ್ಟು ದಿನ ಅದನ್ನು ಬೈಯದವರಿರಲಿಲ್ಲ. ಗಾಳಿ ಬೀಸಿದರೆ ಕೊಳೆತ ಕೋಸಿನ ವಾಸನೆ, ಬೀಸದಿದ್ದರೆ ಅದಕ್ಕಿಂತ ಕೆಟ್ಟ ವಾಸನೆ. ಒಗೆದು ಒಣಹಾಕಿದ ಬಟ್ಟೆಯ ಮೇಲೆ ಬೂದಿ, ಹೊಳೆಯ ತುಂಬ ನೊರೆ. ಈಗ ಯಂತ್ರಗಳನ್ನು ಬಿಚ್ಚಿ ಗುಜರಿಗೆ ಹಾಕಿ, ಹೊಗೆಕೊಳವೆಯನ್ನು ಸಿಡಿಸಿ ಮಲಗಿಸಿ, ಕ್ವಾರ್ಟರ್ಸಿನ ಸಾಲುಗಳನ್ನೆಲ್ಲ ಮಟ್ಟ ಮಾಡಿದ ಮೇಲೆ, ಅಲ್ಲಿ ಬೆಳೆದವರೆಲ್ಲ ವರ್ಷಕ್ಕೊಮ್ಮೆ ಸೇರಿ, ಆ ವಾಸನೆ ಇನ್ನೊಂದು ಸಲ ಮೂಗಿಗೆ ಬಡಿಯಬಾರದೇ ಎಂದು ನಿಟ್ಟುಸಿರು ಬಿಡಲು ಒಂದು ಸಂಘ ಕಟ್ಟಿಕೊಂಡಿದ್ದರು.

ಸಂಘ ಕಟ್ಟಿದವನು ಸೈರನ್. ಚಿಕ್ಕಂದಿನಲ್ಲಿ ಅವನು ಮೂರನೇ ಸಾಲಿನ ಮನೆಯಲ್ಲಿ ಅತ್ತರೆ ಕಾರ್ಖಾನೆಯ ಗೇಟಿನಲ್ಲಿದ್ದ ಕಾವಲುಗಾರ ಪಾಳಿ ಮುಗಿಯಿತೆಂದು ಎದ್ದು ನಿಲ್ಲುತ್ತಿದ್ದನಂತೆ. ಈಗ ಅವನೊಂದು ಛಾಪಖಾನೆಯಿಂದ ನಿವೃತ್ತನಾಗಿದ್ದ, ಗಂಟಲು ಮಾತ್ರ ನಿವೃತ್ತಿ ತೆಗೆದುಕೊಂಡಿರಲಿಲ್ಲ. ಈ ವರ್ಷ ಎಲ್ಲರ ನೆನಪುಗಳನ್ನೂ ಸೇರಿಸಿ ಪುಸ್ತಕ ತರುತ್ತೇನೆಂದು ಅವನು ಹಟ ಹಿಡಿದಿದ್ದ. ತಲೆಗೊಂದು ಪುಟ.

"ಚಿಮಣಿ, ಎಲ್ಲರೂ ಕೊಟ್ಟಾಯ್ತು, ನಿನ್ನದೊಂದೇ ಬಾಕಿ," ಎಂದ ಫೋನಿನಲ್ಲಿ. ಐವತ್ತೇಳು ವರ್ಷದ ಹೆಂಗಸನ್ನು ಈಗ ಚಿಮಣಿ ಎಂದು ಕರೆಯುವವರು ಈ ಊರಿನವರಷ್ಟೇ ಉಳಿದಿದ್ದರು. ತರಗತಿಯ ಹುಡುಗರಿಗಿಂತ ಒಂದು ಗೇಣು ಎತ್ತರ ಬೆಳೆದ ತಪ್ಪಿಗೆ, ಹೊಗೆಕೊಳವೆಯ ಹೆಸರು ಅವಳಿಗೆ ಅಂಟಿತ್ತು. "ಒಂದು ಪುಟ ಬರೆಯೋಕೆ ಎಷ್ಟು ದಿನ ಬೇಕೇ ನಿಂಗೆ? ನಾನೇನು ಮಹಾಕಾವ್ಯ ಕೇಳಿದ್ನಾ?"

"ಬರೀತೀನಿ ಮಾರಾಯ. ಈ ವಾರ ಕೊಡ್ತೀನಿ."

"ಆಮೇಲೆ, ಬಿಲ್ಲೆ ಮಾಮನೂ ಬರ್ತಿದಾರೆ ಈ ಸಲ. ಎಂಬತ್ತಾರು ವರ್ಷ. ಮಗಳು ಕರ್ಕೊಂಡು ಬರ್ತಾಳಂತೆ."

ಬಿಲ್ಲೆ ಮಾಮ ಇನ್ನೂ ಇದ್ದಾರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ ಎನ್ನುವುದು ಇನ್ನೂ ಸರಿಯಾದ ಮಾತು. ಆ ಸಂಜೆ ಬರೆಯಲು ಕುಳಿತವಳು ಒಂದು ಪುಟ ಬರೆದು ಹರಿದಳು, ಮತ್ತೊಂದು ಬರೆದು ಹರಿದಳು. ಮೂರನೆಯದರ ಹೊತ್ತಿಗೆ ತಾನು ಹೇಳಬೇಕಾದ್ದು ಒಂದೇ ಒಂದು ಎಂಬುದು ಅವಳಿಗೆ ಖಚಿತವಾಯಿತು. ಅದನ್ನು ಪುಸ್ತಕದಲ್ಲಿ ಹೇಳುವಂತಿರಲಿಲ್ಲ. ಆ ಮನುಷ್ಯನ ಎದುರಿಗೆ ಕುಳಿತೇ ಹೇಳಬೇಕಿತ್ತು. ನಲವತ್ತನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳಿಗೆ ಈಗ ಧೈರ್ಯ ಬಂತು ಎಂದಲ್ಲ. ಯಾರಿಗೆ ತೊಂದರೆಯಾದೀತೆಂದು ಹೆದರಬೇಕಿತ್ತೋ ಅವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅಪ್ಪ ಹೋಗಿ ಆರು ವರ್ಷ, ಅಮ್ಮ ಅದಕ್ಕೂ ಮುಂಚೆ. ಎದುರುಮನೆ ಚಿಕ್ಕಮ್ಮ ಹೋದ ವರ್ಷ. ಇನ್ನು ಉಳಿದವರು ಬಿಲ್ಲೆ ಮಾಮ ಒಬ್ಬರೇ, ಅವರಿಗೆ ಈ ಮಾತಿನಿಂದ ಒಳ್ಳೆಯದೇ ಆಗುತ್ತದೆ ಎಂದು ಅವಳು ಲೆಕ್ಕ ಹಾಕಿದಳು.

ಬಿಲ್ಲೆ ಮಾಮ ಕಾರ್ಖಾನೆಯ ಟೈಮ್‌ಕೀಪರ್. ಗೇಟಿನ ಪಕ್ಕದ ಚಿಕ್ಕ ಕೋಣೆ ಅವರದು, ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಕಿಂಡಿ. ಒಳಗೆ ಎರಡು ದೊಡ್ಡ ಹಲಗೆಗಳು, ಒಂದರ ಮೇಲೆ ‘ಹೊರಗೆ’ ಅಂತ, ಇನ್ನೊಂದರ ಮೇಲೆ ‘ಒಳಗೆ’ ಅಂತ ಬರೆದಿತ್ತು. ಕೆಲಸಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಬಂದವನು ಕಿಂಡಿಯ ಮುಂದೆ ತನ್ನ ನಂಬರು ಕೂಗಬೇಕು, ಮಾಮ ಅವನ ಬಿಲ್ಲೆಯನ್ನು ಹೊರಗಿನ ಹಲಗೆಯಿಂದ ತೆಗೆದು ಒಳಗಿನ ಹಲಗೆಗೆ ಸಿಕ್ಕಿಸಬೇಕು. ಹೋಗುವಾಗ ಮತ್ತೆ ಕೂಗು, ಮತ್ತೆ ಈ ಹಲಗೆಯಿಂದ ಆ ಹಲಗೆಗೆ. ಕಿಂಡಿಯಿಂದ ಮುಖ ಕಾಣುತ್ತಿರಲಿಲ್ಲ, ಅಂಗಿಯ ಗುಂಡಿಗಳಷ್ಟೇ ಕಾಣುತ್ತಿದ್ದವು. ಪಕ್ಕದಲ್ಲೇ ಹಬೆಯ ಕೊಳವೆ ಬುಸುಗುಡುತ್ತಿತ್ತು. ಕಾಲು ಗಂಟೆಯಲ್ಲಿ ಆರುನೂರು ಜನ. ಒಂದೇ ಒಂದು ದಿನವೂ ಮಾಮನ ಕಿವಿ ತಪ್ಪಿದ್ದಿಲ್ಲ. ಅದೊಂದು ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು, ಇದ್ದರೆ ತಪ್ಪೇನು? ಮಕ್ಕಳು ಅವರನ್ನು ಪರೀಕ್ಷೆ ಮಾಡುತ್ತಿದ್ದರು. ಅಂಗಡಿ ಬೀದಿಯಲ್ಲಿ ಅವರು ನಡೆದು ಹೋಗುವಾಗ ಹತ್ತು ಮಾರು ಹಿಂದೆ ನಿಂತು ಪಿಸುದನಿಯಲ್ಲಿ ‘ನಾನೂರ ಅರವತ್ತೇಳು’ ಅಂದರೆ, ಅವರು ತಿರುಗಿಯೂ ನೋಡದೆ ‘ನಾನೂರ ಅರವತ್ತೇಳು ರಜೆಯಲ್ಲಿದಾನೆ, ಜ್ವರ’ ಅನ್ನುತ್ತಿದ್ದರು.

ಆ ಊರಿನಲ್ಲಿ ಗಂಡಸರಿಗೆ ಹೆಸರಿಗಿಂತ ನಂಬರೇ ಹೆಚ್ಚು ಚಲಾವಣೆಯಲ್ಲಿತ್ತು. ಅವಳ ಅಪ್ಪ ಇನ್ನೂರ ಹದಿನಾಲ್ಕು. ಎದುರುಮನೆಯವರು ನೂರ ಹದಿನಾಲ್ಕು. ಅವರು ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಆದರೆ ಕ್ಯಾಂಟೀನಿನಲ್ಲಿ ಇವರ ಬುತ್ತಿ ಅವರಿಗೆ, ಅಂಚೆಯಲ್ಲಿ ಅವರ ಕಾಗದ ಇವರಿಗೆ ಹೋಗಿ ಹೋಗಿ, ಕೊನೆಗೆ ಇಬ್ಬರೂ ಅಣ್ಣತಮ್ಮಂದಿರಿಗಿಂತ ಹತ್ತಿರವಾಗಿದ್ದರು. ‘ನಮ್ಮಿಬ್ಬರ ನಡುವೆ ಇರೋದು ಒಂದು ಇನ್ ಅಷ್ಟೇ ಕಣೋ’ ಎಂದು ಎದುರುಮನೆಯವರು ಅಪ್ಪನ ಬೆನ್ನಿಗೆ ಗುದ್ದುತ್ತಿದ್ದರು. ಅವಳಿಗೆ ಅವರು ಚಿಕ್ಕಪ್ಪ, ಅವರ ಹೆಂಡತಿ ಚಿಕ್ಕಮ್ಮ. ಬೇರೆ ಚಿಕ್ಕಪ್ಪಂದಿರೂ ಇದ್ದರು, ಆದರೆ ಚಿಕ್ಕಪ್ಪ ಎಂದರೆ ಅವಳಿಗೆ ಮೊದಲು ನೆನಪಾಗುತ್ತಿದ್ದದ್ದು ಇವರೇ.

ಕೆಲಸಗಾರರ ನಡುವೆ ಒಂದು ಕಳ್ಳ ಏರ್ಪಾಡು ಇತ್ತು. ಒಬ್ಬನಿಗೆ ಅರ್ಜೆಂಟಾಗಿ ಎಲ್ಲಿಗೋ ಹೋಗಬೇಕು, ರಜೆ ಸಿಗುವುದಿಲ್ಲ. ಆಗ ಆ ದಿನ ವಾರದ ರಜೆಯಲ್ಲಿರುವ ಗೆಳೆಯ ಇವನ ನಂಬರು ಕೂಗಿ ಒಳಗೆ ಹೋಗಿ ಇವನ ಕೆಲಸ ಮಾಡುವುದು, ಮುಂದಿನ ವಾರ ಇವನು ಅವನಿಗೆ ಮಾಡುವುದು. ಇದಕ್ಕೆ ಅವರು ‘ಕೈಬದಲು’ ಅನ್ನುತ್ತಿದ್ದರು. ಸಕ್ಕರೆ ಮುಗಿದಾಗ ಪಕ್ಕದ ಮನೆಯಿಂದ ತರುತ್ತೇವಲ್ಲ, ಹಾಗೆ ಒಂದು ದಿನವನ್ನು ತರುವುದು. ವಿಭಾಗದ ಮೇಸ್ತ್ರಿ ಕಂಡೂ ಕಾಣದ ಹಾಗೆ ಇರುತ್ತಿದ್ದ. ಸಿಕ್ಕಿಬಿದ್ದರೆ ಇಬ್ಬರಿಗೂ ಮನೆಗೆ ದಾರಿ. ಹೆಂಡತಿಯರಿಗೂ ಹೇಳುತ್ತಿರಲಿಲ್ಲ.

ಅವಳಿಗೆ ಆಗ ಹದಿಮೂರು. ಪಕ್ಕದ ಊರಿನ ಶಾಲೆಯಲ್ಲಿ ಎತ್ತರ ಜಿಗಿತದ ಸ್ಪರ್ಧೆ. ಎತ್ತರ ಬೆಳೆದದ್ದಕ್ಕೆ ಇಷ್ಟು ದಿನ ಬರೀ ಅಣಕಿಸಿಕೊಂಡಿದ್ದವಳಿಗೆ ಮೊದಲ ಸಲ ಆ ಎತ್ತರ ಉಪಯೋಗಕ್ಕೆ ಬರುವುದಿತ್ತು. ‘ಅಪ್ಪ ಬರಲೇಬೇಕು’ ಎಂದು ಮೂರು ದಿನ ಗಂಟುಮುಖ ಹಾಕಿಕೊಂಡು ಕೂತಳು. ಅವತ್ತು ಬೆಳಿಗ್ಗೆ ಅವಳು ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದಾಗ ಅಪ್ಪ ಬೀದಿ ದಾಟಿ ಹೋಗಿ, ವಾರದ ರಜೆಯಲ್ಲಿದ್ದ ಚಿಕ್ಕಪ್ಪನ ಹತ್ತಿರ ಮೆಲ್ಲಗೆ ಮಾತಾಡಿದ್ದು ಅವಳಿಗೂ ಕೇಳಿಸಿತು.

"ಇವತ್ತೊಂದು ದಿನ ಕೈಬದಲು ಕೊಡೋ. ಹುಡುಗಿ ಊಟ ಬಿಟ್ಟು ಕೂತಿದೆ."

"ಹೋಗು ಹೋಗು. ಚಿಮಣಿ ಗೆದ್ದು ಬರ್ಲಿ," ಎಂದು ಚಿಕ್ಕಪ್ಪ ನಗುತ್ತ ಸೈಕಲ್ ತೆಗೆದರು.

ಅಪ್ಪ ತಿರುಗಿದಾಗ ಅವಳು ನೋಡುತ್ತಿದ್ದಳು. "ಯಾರ ಹತ್ರಾನೂ ಅನ್ಬೇಡ, ಅಮ್ಮನ ಹತ್ರಾನೂ," ಎಂದು ತುಟಿಯ ಮೇಲೆ ಬೆರಳಿಟ್ಟ. ಅವಳಿಗೆ ಖುಷಿಯೋ ಖುಷಿ. ತನಗೋಸ್ಕರ ಅಪ್ಪ ಕಳ್ಳತನ ಮಾಡುತ್ತಿದ್ದಾನೆ ಎಂದರೆ ಸಾಮಾನ್ಯದ ಮಾತೇ?

ಗೆಲ್ಲಲಿಲ್ಲ, ಎರಡನೆಯವಳಾಗಿ ಬಂದಳು. ಅದೇ ಸಾಕೆಂದು ಅಪ್ಪ ಅವಳನ್ನು ಮೈದಾನದ ನಡುವೆ ಎತ್ತಿ ಗಿರ್ರನೆ ತಿರುಗಿಸಿದ, ಅವಳ ಕಾಲು ಇನ್ಯಾರದೋ ಬೆನ್ನಿಗೆ ಬಡಿದು ಇಬ್ಬರೂ ಬೈಸಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಸರ್ಟಿಫಿಕೇಟನ್ನು ಮಡಿಚದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮೂರು ಗಂಟೆಯ ಹೊತ್ತಿಗೆ ತಮ್ಮ ಸಾಲಿಗೆ ತಿರುಗಿದರೆ, ಮನೆಯ ಮುಂದೆ ಜನವೋ ಜನ.

ಹನ್ನೊಂದು ಗಂಟೆಗೆ ಕಾರ್ಖಾನೆಯಲ್ಲಿ ಡೈಜೆಸ್ಟರಿನ ಮುಚ್ಚಳ ಹಾರಿತ್ತು. ಮರದ ಚೂರುಗಳನ್ನು ಬೇಯಿಸುವ ಮನೆಯೆತ್ತರದ ಕೊಪ್ಪರಿಗೆ ಅದು. ಕೆಳಗಿದ್ದ ಒಬ್ಬನ ಮೇಲೆ ಕುದಿಯುವ ರಸವೆಲ್ಲ ಸುರಿದಿತ್ತು. ಮುಖ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ, ಆಫೀಸಿನವರು ಹಲಗೆಯನ್ನು ನೋಡಿದರು. ಆ ವಿಭಾಗದಲ್ಲಿ ಒಳಗಿದ್ದು ಹೊರಗೆ ಓಡಿ ಬಾರದ ಬಿಲ್ಲೆ ಒಂದೇ ಇತ್ತು, ಇನ್ನೂರ ಹದಿನಾಲ್ಕು. ಹನ್ನೆರಡು ಗಂಟೆಗೆ ಸುದ್ದಿ ಅವಳ ಅಮ್ಮನಿಗೆ ಮುಟ್ಟಿತು.

ಆಗಿನಿಂದ ಮೂರು ಗಂಟೆಯವರೆಗೆ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಎದುರುಮನೆ ಚಿಕ್ಕಮ್ಮ. ಅಪ್ಪನನ್ನು ಮೊದಲು ನೋಡಿದವಳೂ ಅವಳೇ.

"ಅಕ್ಕಾ, ಏಳು, ಅಲ್ನೋಡು. ಭಾವ ಬಂದ್ರು," ಎಂದು ಕೂಗಿ, ಅಮ್ಮನಿಗಿಂತ ಮುಂಚೆ ಓಡಿ ಬಂದು ಅಪ್ಪನ ತೋಳನ್ನು ಹಿಡಿದು ಅಲ್ಲಾಡಿಸಿದಳು, ನಿಜವೋ ಸುಳ್ಳೋ ಎಂದು ನೋಡುವವಳ ಹಾಗೆ. ಅಳುತ್ತ ನಗುತ್ತಿದ್ದಳು. "ಎಲ್ಲಿ ಹಾಳಾಗಿ ಹೋಗಿದ್ರಿ ಭಾವ? ಅಕ್ಕನ್ನ ಕೊಂದೇಬಿಟ್ಟಿದ್ರಲ್ಲ."

ಅಮ್ಮ ಬಂದು ಅಪ್ಪನ ಎದೆಗೆ ಎರಡು ಕೈಯಿಂದಲೂ ಬಡಿಯತೊಡಗಿದಳು. ವಿಷಯ ಅರ್ಥವಾದ ಕೂಡಲೇ ಚಿಮಣಿಯೂ ಅಲ್ಲೇ ಕುಣಿದಳು, ಸರ್ಟಿಫಿಕೇಟನ್ನು ಬಾವುಟದ ಹಾಗೆ ಬೀಸುತ್ತ. ನಮ್ಮಪ್ಪ ಸತ್ತಿಲ್ಲ, ನಮ್ಮಪ್ಪ ಸತ್ತಿಲ್ಲ. ಸುತ್ತಲಿನವರೂ ನಕ್ಕರು. ಅಪ್ಪ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಎದುರುಮನೆಯ ಗೋಡೆಯ ಕಡೆ, ಸೈಕಲ್ ಒರಗಿಸುವ ಜಾಗದ ಕಡೆ ನೋಡುತ್ತಿದ್ದ.

"ಅವನೆಲ್ಲಿ?" ಎಂದ.

"ಟೈರ್ ಹಾಕಿಸ್ಕೊಂಡು ಬರ್ತೀನಿ ಅಂತ ಬೆಳಿಗ್ಗೇನೆ ಹೋದೋರು, ಇನ್ನೂ ಪತ್ತೆಯಿಲ್ಲ," ಎಂದಳು ಚಿಕ್ಕಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಬರ್ಲಿ, ಈ ಕಥೆ ಹೇಳಿದ್ರೆ ನಗ್ತಾರೆ."

ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಚಿಕ್ಕಮ್ಮನ ಕೈ ಇನ್ನೂ ಅವನ ತೋಳಿನ ಮೇಲಿತ್ತು. ಅವನ ಮುಖ ನೋಡುತ್ತ ನೋಡುತ್ತ ಆ ಕೈ ನಿಧಾನವಾಗಿ ಸಡಿಲವಾಯಿತು. ಯಾರೂ ಏನೂ ಹೇಳಬೇಕಾಗಲಿಲ್ಲ. ಬೀದಿ ದಾಟಿ ತನ್ನ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು. ಈಗ ಅಮ್ಮನ ಸರದಿ, ಅಮ್ಮ ಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹುಡುಗಿ ಸರ್ಟಿಫಿಕೇಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತಿದ್ದಳು. ಆ ಕುಣಿತವನ್ನು ನೆನೆದರೆ ಇವತ್ತಿಗೂ ಅವಳಿಗೆ ಮೈಯೆಲ್ಲ ಮುಳ್ಳು. ಆಮೇಲೆ ಅವಳು ಯಾವ ಮೈದಾನದಲ್ಲೂ ಜಿಗಿಯಲಿಲ್ಲ.

ವಿಚಾರಣೆ ನಡೆಯಿತು. ನಿಜ ಹೇಳಿದರೆ ಅಪ್ಪನ ಕೆಲಸ ಹೋಗುತ್ತಿತ್ತು, ಕ್ವಾರ್ಟರ್ಸ್ ಹೋಗುತ್ತಿತ್ತು. ಅದಾದರೂ ಹೋಗಲಿ, ಸುಳ್ಳು ನಂಬರಿನಲ್ಲಿ ಒಳಗೆ ಬಂದವನು ನಮ್ಮ ಕೆಲಸಗಾರನೇ ಅಲ್ಲ ಎಂದು ಆಫೀಸಿನವರು ಕೈತೊಳೆದುಕೊಂಡರೆ ಚಿಕ್ಕಮ್ಮನಿಗೆ ಗಂಡನ ಜಾಗದಲ್ಲಿ ಸಿಗಬೇಕಾದ ಕೆಲಸ ಸಿಗುತ್ತಿರಲಿಲ್ಲ, ಎರಡು ಮಕ್ಕಳನ್ನು ಕಟ್ಟಿಕೊಂಡು ಅವಳು ಬೀದಿಗೆ ಬೀಳಬೇಕಿತ್ತು. ಮೇಸ್ತ್ರಿ ತನ್ನ ತಲೆ ಉಳಿಸಿಕೊಳ್ಳಲು, ‘ನೂರ ಹದಿನಾಲ್ಕನ್ನು ಹೆಚ್ಚಿನ ಕೆಲಸಕ್ಕೆ ನಾನೇ ಕರೆಸಿದ್ದೆ’ ಎಂದ. ಅಪ್ಪ, ‘ನಾನು ಹೇಳದೆ ಕೇಳದೆ ರಜೆ ಹಾಕಿ ಮಗಳ ಜೊತೆ ಹೋಗಿದ್ದೆ, ಗೇಟಿನ ಹತ್ತಿರವೇ ಸುಳಿದಿಲ್ಲ’ ಎಂದ. ಹಾಗಾದರೆ ಇನ್ನೂರ ಹದಿನಾಲ್ಕು ಒಳಗಿನ ಹಲಗೆಗೆ ಹೇಗೆ ಬಂತು? ಉಳಿದದ್ದು ಬಿಲ್ಲೆ ಮಾಮನ ಕಿವಿ.

ಮಾಮ ಮೊದಲು ಗಟ್ಟಿಯಾಗಿಯೇ ನಿಂತರು. ಅವನು ಕೂಗಿದ್ದು ಇನ್ನೂರ ಹದಿನಾಲ್ಕೇ, ನಾನು ಕೇಳಿಸಿಕೊಂಡಿದ್ದೇನೆ ಎಂದರು. "ಅಂದ್ರೆ ಸತ್ತವನು ಬೇಕೂಂತ ಸುಳ್ಳು ನಂಬರು ಹೇಳಿದ ಅಂತೀರಾ?" ಎಂದು ಮ್ಯಾನೇಜರು ಕೇಳಿದಾಗ, ಚಿಕ್ಕಮ್ಮ ಅದೇ ಕೋಣೆಯಲ್ಲಿ ಬೆಂಚಿನ ತುದಿಯಲ್ಲಿ ಕೂತಿದ್ದಳಂತೆ. ಮಾಮ ಅವಳ ಕಡೆ ಒಮ್ಮೆ ನೋಡಿದರಂತೆ. ಆಮೇಲೆ, "ಇಲ್ಲ ಸಾರ್, ನನಗೇ ತಪ್ಪು ಕೇಳಿಸಿರಬೇಕು. ಒಂದು ಇನ್ ಹೆಚ್ಚಾಗಿ ಕೇಳಿಸಿರಬೇಕು," ಎಂದರಂತೆ. ಅಲ್ಲಿಗೆ ಮುಗಿಯಿತು. ಆ ಒಂದು ‘ಇನ್’ ಎಲ್ಲರನ್ನೂ ಬಚಾವು ಮಾಡಿತು, ಅವರೊಬ್ಬರನ್ನು ಬಿಟ್ಟು.

ಅವರನ್ನು ಕಿಂಡಿಯಿಂದ ತೆಗೆದು ಮರದ ದಿಮ್ಮಿ ಎಣಿಸುವ ಅಂಗಳಕ್ಕೆ ಹಾಕಿದರು. ಬದುಕಿದವನ ಮನೆಗೆ ಸಾವಿನ ಸುದ್ದಿ ಕಳಿಸಿದವನು ಎಂದು ಊರು ಅವರನ್ನು ಮೊದಲು ಬೈಯಿತು. ಬೈದು ಬೇಜಾರಾದ ಮೇಲೆ ಗೇಲಿ ಮಾಡಿತು. ಯಾರಾದರೂ ಹೇಳದ್ದನ್ನು ಹೇಳಿದರು ಎಂದರೆ, ‘ಸುಮ್ನಿರೋ, ಇನ್ ಸೇರಿಸ್ಬೇಡ’ ಎನ್ನುವ ಮಾತು ಹುಟ್ಟಿತು. ಆರು ತಿಂಗಳಲ್ಲಿ ಅದು ಶಾಲೆ, ಕ್ಯಾಂಟೀನು, ನಲ್ಲಿಕಟ್ಟೆ ಎಲ್ಲ ಕಡೆ ಓಡಾಡಿತು. ಒಂದು ದಿನ ಅವಳೂ ಊಟಕ್ಕೆ ಕೂತಾಗ ಬಾಯಿತಪ್ಪಿ ಅಮ್ಮನಿಗೆ ಹಾಗೆಂದುಬಿಟ್ಟಳು. ಅಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದು ಹೋದ. ದಾರಿಯಲ್ಲಿ ಮಾಮ ಎದುರಾದರೆ ಅಪ್ಪ ಬೇರೆ ಬೀದಿ ಹಿಡಿಯುತ್ತಿದ್ದದ್ದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಆ ವಿಷಯ ಅಪ್ಪ ಮಗಳ ನಡುವೆ ಒಂದು ಸಲವೂ ಬರಲಿಲ್ಲ. ಮದುವೆಯಾಗಿ ಅವಳು ದೂರ ಹೋದಳು. ಕಾರ್ಖಾನೆ ಮುಚ್ಚಿತು, ಜನ ದಿಕ್ಕಿಗೊಬ್ಬರಾದರು. ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಅಪ್ಪ ಏನೋ ಹೇಳಲು ಬಾಯಿ ತೆರೆದು, ‘ನೀರು ಕೊಡಮ್ಮ’ ಎಂದಿದ್ದ.

ಸಭೆ ಸೇರಿದ್ದು ಹಳೆಯ ಶಾಲೆಯ ಹಾಲಿನಲ್ಲಿ. ಊರಿನಲ್ಲಿ ನಿಂತಿದ್ದ ಕಟ್ಟಡ ಅದೊಂದೇ. ಎಂಬತ್ತು ತೊಂಬತ್ತು ಜನ ಇದ್ದಿರಬಹುದು, ಎಲ್ಲರೂ ಒಬ್ಬರನ್ನೊಬ್ಬರು ಹಳೆಯ ಅಡ್ಡಹೆಸರುಗಳಿಂದ ಕರೆಯುತ್ತ, ಹೊಟ್ಟೆ ಮುಟ್ಟಿ ನಗುತ್ತ, ಯಾರು ಯಾರು ಹೋದರು ಎಂದು ಎಣಿಸುತ್ತ ಇದ್ದರು. ಬಿಲ್ಲೆ ಮಾಮ ಮುಂದಿನ ಸಾಲಿನ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಮೈ ಅರ್ಧವಾಗಿತ್ತು, ಕಿವಿಗಳು ಮಾತ್ರ ಹಾಗೇ ಇದ್ದವು, ದೊಡ್ಡವು. ಪಕ್ಕದಲ್ಲಿ ಮಗಳು, ಟೈಲರಿಂಗ್ ಮಾಡಿಕೊಂಡಿರುವವಳು.

ಸೈರನ್ ಮೈಕಿಲ್ಲದೆಯೇ ಪುಸ್ತಕದ ಒಂದೆರಡು ಪುಟ ಓದಿದ. ಊರಿನ ಮಾತುಗಳು ಎಂಬ ಭಾಗವಂತೆ. "ಬಾಲಪಟ್ಟಿ. ಕಾಗದ ಕತ್ತರಿಸಿದ ಮೇಲೆ ಉಳಿಯೋ ಅಂಚು. ನಮ್ಮೆಲ್ಲರ ನೋಟ್ ಪುಸ್ತಕ." ಹಾಲಿನಲ್ಲಿ ಗೊಳ್ಳೆಂದು ನಗು. "ಮೂರನೇ ಕೂಗು. ಗೇಟು ಮುಚ್ಚಿತು, ಇನ್ನು ಓಡಿದ್ರೂ ಪ್ರಯೋಜನ ಇಲ್ಲ ಅಂತ ಅರ್ಥ." ಮತ್ತೆ ನಗು. "ಇನ್ ಸೇರಿಸು. ಹೇಳದ್ದನ್ನ ಕೇಳಿಸ್ಕೊಳ್ಳೋದು."

ಈ ಸಲದ ನಗು ಎಲ್ಲಕ್ಕಿಂತ ಜೋರಾಗಿತ್ತು. ಆ ಮಾತು ಎಲ್ಲಿಂದ ಬಂತೆಂದು ಅರ್ಧ ಜನಕ್ಕೆ ನೆನಪೇ ಇರಲಿಲ್ಲ, ಇದ್ದವರಿಗೆ ಬಾಯಿ ಮುಚ್ಚಿಕೊಳ್ಳಬೇಕೆಂದು ಹೊಳೆಯುವ ಮೊದಲೇ ನಗು ಬಂದುಬಿಟ್ಟಿತ್ತು. ಬಿಲ್ಲೆ ಮಾಮ ತಾವೂ ನಕ್ಕು, ಹಾಜರಿ ಹೇಳುವ ಹುಡುಗನ ಹಾಗೆ ಕೈ ಎತ್ತಿದರು. "ಆ ಇನ್ ನಂದೇ," ಎಂದರು. ಅವರ ಮಗಳು ನಗಲಿಲ್ಲ, ಅವಳು ನೆಲ ನೋಡುತ್ತಿದ್ದಳು.

ಚಿಮಣಿಗೆ ಕೂರಲಾಗಲಿಲ್ಲ. ಟೀ ಬಿಡುವು ಕೊಟ್ಟ ಕೂಡಲೇ ಹೋಗಿ ಅವರ ಪಕ್ಕದ ಕುರ್ಚಿಯನ್ನು ಎಳೆದುಕೊಂಡಳು.

"ಮಾಮ, ಗುರುತು ಸಿಕ್ತಾ?"

"ಚಿಮಣಿ ಅಲ್ವಾ? ಇನ್ನೂರ ಹದಿನಾಲ್ಕರ ಮಗಳು," ಎಂದರು ತಕ್ಷಣ. ಮುಖ ಅರಳಿತು. "ಚೆನ್ನಾಗಿದೀಯಾ? ನೀನು ಬರ್ತೀಯ ಅಂತಾನೇ ನಾನು ಬಂದಿದ್ದು ಕಣಮ್ಮ."

ಅವರ ಮಗಳು ಮೂವರಿಗೂ ಟೀ ತರುತ್ತೇನೆಂದು ಎದ್ದು ಹೋದಳು. ಈಗ ಹೇಳದಿದ್ದರೆ ಇನ್ನು ಎಂದಿಗೂ ಹೇಳುವುದಿಲ್ಲ ಎಂದು ಚಿಮಣಿಗೆ ಗೊತ್ತಿತ್ತು. ದಾರಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಕೈಕೊಟ್ಟವು.

"ಮಾಮ, ಅವತ್ತು ನಿಮಗೆ ತಪ್ಪು ಕೇಳಿಸ್ಲಿಲ್ಲ. ಚಿಕ್ಕಪ್ಪ ಅಪ್ಪನ ನಂಬರೇ ಕೂಗಿದ್ದು. ಕೈಬದಲು. ನನ್ನ ಆಟ ನೋಡೋಕೆ ಅಪ್ಪ ಬಂದಿದ್ದ, ನಾನೇ ಹಟ ಮಾಡಿದ್ದೆ. ಬೆಳಿಗ್ಗೆ ಇಬ್ಬರೂ ಮಾತಾಡಿದ್ದನ್ನ ಈ ಕಿವಿಯಾರೆ ಕೇಳಿದೀನಿ. ಇಷ್ಟು ವರ್ಷ ಹೇಳ್ಲಿಲ್ಲ. ನನ್ನನ್ನ ಕ್ಷಮಿಸಿ."

ಅವರು ಕುತ್ತಿಗೆ ವಾಲಿಸಿ ಒಂದು ಕಿವಿಯನ್ನು ಅವಳ ಕಡೆ ತಿರುಗಿಸಿದರು. ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ, "ಇನ್ನೂರ ಅಂತಾನೇ ಅಂದ್ನಾ?" ಎಂದು ಕೇಳಿದರು.

"ಹೌದು ಮಾಮ. ಇನ್ನೂರ ಹದಿನಾಲ್ಕು."

"ನಾನು ಸರಿಯಾಗೇ ಕೇಳಿಸ್ಕೊಂಡಿದ್ದೆ."

"ಸರಿಯಾಗೇ ಕೇಳಿಸ್ಕೊಂಡಿದ್ರಿ."

ಅವರ ಕೈ ಕುರ್ಚಿಯ ಹಿಡಿಯ ಮೇಲೆ ತಾಳ ಹಾಕಿದಂತೆ ಎರಡು ಸಲ ಬಡಿಯಿತು. ಕಣ್ಣಲ್ಲಿ ನೀರು ತುಂಬಿತು, ಮುಖದಲ್ಲಿ ಎಂಥದೋ ಹುಡುಗತನ ಬಂತು. "ನೋಡಿದ್ಯಾ, ನನ್ನ ಕಿವಿ ಸರಿ ಇತ್ತು. ಎಷ್ಟು ಸಲ ಕೇಳ್ಕೊಂಡಿದೀನಿ ಗೊತ್ತಾ ಒಳಗೊಳಗೆ. ದಿಮ್ಮಿ ಎಣಿಸ್ತಾ ಎಣಿಸ್ತಾ ನಿಂತುಬಿಡ್ತಿದ್ದೆ. ಇನ್ನೂರ ಅಂದ್ನೋ ನೂರ ಅಂದ್ನೋ, ಇನ್ನೂರ ಅಂದ್ನೋ ನೂರ ಅಂದ್ನೋ. ಎಣಿಕೆ ತಪ್ಪಿ ಮತ್ತೆ ಮೊದಲಿಂದ. ನನ್ನವಳು ಹುಚ್ಚು ಹಿಡಿಯುತ್ತೆ ನಿಮಗೆ ಅಂತಿದ್ಲು."

ಚಿಮಣಿಯ ಎದೆಯ ಮೇಲಿದ್ದ ಕಲ್ಲು ಜಾರಿತು. ಅವಳೂ ಅತ್ತಳು. ಹಗುರವಾಗಿ, ನಾಚಿಕೆಯಿಲ್ಲದೆ ಅತ್ತಳು. ಅಷ್ಟೊತ್ತಿಗೆ ಒಳ್ಳೆಯದನ್ನು ಮಾಡಿದೆ ಎಂಬ ಸಣ್ಣ ಸಮಾಧಾನವೂ ಅವಳಿಗೆ ಆಗಿತ್ತು, ಮನುಷ್ಯರಿಗೆ ಅದು ಆಗಿಯೇ ಆಗುತ್ತದೆ.

"ಇದು ನಿಮ್ಮಪ್ಪಂಗೆ..." ಎಂದು ಮಾಮ ಶುರುಮಾಡಿ ನಿಲ್ಲಿಸಿದರು. ನಂಬರುಗಳನ್ನು ಈ ಹಲಗೆಯಿಂದ ಆ ಹಲಗೆಗೆ ಸರಿಸುವವರ ಹಾಗೆ ಏನನ್ನೋ ಮನಸ್ಸಿನಲ್ಲೇ ಸರಿಸುತ್ತಿದ್ದರು. "ಗೊತ್ತಿತ್ತು. ಗೊತ್ತಿಲ್ದೆ ಹೇಗಿರುತ್ತೆ. ಅವನೇ ಕೇಳಿದ್ದಲ್ವಾ ಕೈಬದಲು."

"ಅಪ್ಪ ಹೆದರಿಬಿಟ್ಟಿದ್ದ ಮಾಮ. ಚಿಕ್ಕಮ್ಮನಿಗೆ ಏನೂ ಸಿಗಲ್ಲ ಅಂತ. ನಿಮ್ಮ ಮುಖ ನೋಡೋಕೆ ಆಗದೆ ದಾರಿ ತಪ್ಪಿಸ್ಕೊಂಡು ಓಡಾಡ್ತಿದ್ದ."

"ಊರಲ್ಲಿದ್ದಾಗ," ಎಂದರು ಮಾಮ. "ಕಾರ್ಖಾನೆ ಮುಚ್ಚಿದ್ಮೇಲೆ ಹುಡುಕ್ಕೊಂಡು ಬಂದ. ನಿನಗೆ ಹೇಳಿಲ್ವಾ?"

ಅವಳಿಗೆ ಯಾರೂ ಹೇಳಿರಲಿಲ್ಲ.

"ಎರಡು ಬಸ್ಸು ಬದಲಾಯಿಸಿ ಬರ್ತಿದ್ದ. ಪ್ರತಿ ಭಾನುವಾರ. ಹದಿನೈದು ವರ್ಷ, ಕಾಲು ಬೀಳೋವರೆಗೂ. ಕಾರ್ಖಾನೆಯವರು ಅಂತ ನನ್ನ ಮನೆ ಬಾಗಿಲು ತುಳಿದವನು ಅವನೊಬ್ಬನೇ ಕಣಮ್ಮ. ಇಸ್ಪೀಟು ಆಡ್ತಿದ್ವಿ. ನನ್ನವಳು ಹೋದಾಗ ವಾರಗಟ್ಟಲೆ ನನ್ನ ಜೊತೆ ಇದ್ದ, ನನ್ನ ಗಡ್ಡ ಅವನೇ ಕೆರೆದ. ನನಗೆ ಅಣ್ಣತಮ್ಮ ಯಾರೂ ಇಲ್ಲ. ಇವನೊಬ್ಬ ಇದಾನಲ್ಲ ಅಂತಿದ್ದೆ. ಅವನ ಹತ್ರಾನೇ ಕೇಳ್ತಿದ್ದೆ. ಎಲೆ ಹಂಚ್ತಾ ಹಂಚ್ತಾ ಕೇಳ್ತಿದ್ದೆ, ‘ನೀನೇ ಹೇಳಪ್ಪ, ನನಗೆ ನಿಜವಾಗಿ ತಪ್ಪು ಕೇಳಿಸ್ತಾ ಅವತ್ತು?’ ಅಂತ."

ಅವಳಿಗೆ ಮುಂದಿನದು ಬೇಡವಾಗಿತ್ತು, ಆದರೆ ಕೇಳದೆ ಇರಲಾಗಲಿಲ್ಲ. "ಅಪ್ಪ ಏನಂತಿದ್ದ?"

"‘ಬಿಡು, ಯಾರ ಕಿವಿಗಾದ್ರೂ ತಪ್ಪು ಕೇಳಿಸುತ್ತೆ’ ಅಂತಿದ್ದ."

ಹಾಲಿನ ಆ ಕೊನೆಯಲ್ಲಿ ಸೈರನ್ ಯಾರನ್ನೋ ಕೂಗಿ ಕರೆಯುತ್ತಿದ್ದ. ಮಾಮನ ಮುಖದಲ್ಲಿ ಆಗಷ್ಟೇ ಬಂದಿದ್ದ ಹುಡುಗತನ ಎಲ್ಲಿಯೂ ಇರಲಿಲ್ಲ. ಅವರು ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಅವಳು ಎದ್ದು ಕಾಲು ಹಿಡಿಯಬಹುದಿತ್ತು. ಮಗಳು ಮೂರು ಲೋಟ ಟೀ ಹಿಡಿದು ಬಂದಳು, ಇಬ್ಬರ ಮುಖವನ್ನೂ ನೋಡಿ, "ಏನಾಯ್ತಪ್ಪ?" ಎಂದಳು.

"ಏನಿಲ್ಲ. ಮನೆಗೆ ಹೋಗೋಣ ನಡಿ."

"ಟೀ ಕುಡೀರಿ ಮೊದ್ಲು."

"ಬೇಡ."

ಮಗಳು ಲೋಟಗಳನ್ನು ಕಿಟಕಿಯಲ್ಲಿಟ್ಟು ಗಾಲಿಕುರ್ಚಿ ತಿರುಗಿಸಿದಳು. ಚಿಮಣಿ ಬಾಗಿಲಿನವರೆಗೂ ಜೊತೆಗೆ ನಡೆದಳು, ಎರಡು ಮೆಟ್ಟಿಲು ಇಳಿಸಲು ಕೈ ಕೊಟ್ಟಳು. ಕೆಳಗೆ ಇಳಿದ ಮೇಲೆ ಮಾಮ ಅವಳ ಕೈಯನ್ನು ಬಿಡದೆ ಸ್ವಲ್ಪ ಹೊತ್ತು ಹಿಡಿದುಕೊಂಡರು. ಅವಳು ಬಾಗಿದಳು.

"ನಲವತ್ತು ವರ್ಷದ ಮೇಲೆ ಇಟ್ಕೊಂಡಿದ್ದೆಯಲ್ಲ ಮಗಳೇ," ಎಂದರು, ಬೇರೆ ಯಾರಿಗೂ ಕೇಳದ ಹಾಗೆ. "ಇನ್ನೊಂದು ವರ್ಷವೋ ಎರಡು ವರ್ಷವೋ ಇಟ್ಕೊಂಡಿದ್ರೆ ಆಗ್ತಿತ್ತು."